ಕೀಲಿನ ಉರಿಯೂತ ಮತ್ತ ರಕ್ತ ಹೆಪ್ಪುಗಟ್ಟೋದು: ನಮ್ಮ ಕಡೆ ಮಂದಿ ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಗಂಗಾವತಿ ಕಡಿಯಾಕಿ, ಕೊಪ್ಪಳದಾಗ ಒಂದು ಲ್ಯಾಬ್‌ನ್ಯಾಗ ಟೆಕ್ನಿಷಿಯನ್ ಅದೀನಿ. ದಿನಾ ಮುಂಜಾನೆ ಇಎಸ್‌ಆರ್ ಟ್ಯೂಬ್ ನಿಲ್ಸೋದು, ಒಂದು ತಾಸು ಬಿಟ್ಟು ಓದೋದು ನನ್ನ ಕೆಲಸ; ಮೈಯಾಗ ಉರಿಯೂತ ಐತೇನು ಅಂತ ಸುಳಿವು ಕೊಡೋ ರಕ್ತದ ಟೆಸ್ಟು ಅದು. ನಮ್ಮವ್ವಗ ರುಮಟಾಯ್ಡ್ ಆರ್ಥ್ರೈಟಿಸ್ ಐತಿ. ಆಕಿ ಕಾಲಿನ ರಕ್ತನಾಳದಾಗ ರಕ್ತ ಹೆಪ್ಪುಗಟ್ಟಿದ ಮ್ಯಾಲನ ನಮಗೂ ಗೊತ್ತಾಗಿದ್ದು, ಈ ಬ್ಯಾನಿ ಬರೇ ಕೀಲಿನಾಗ ಇರಂಗಿಲ್ಲ ಅಂತ. ಅವತ್ತಿಂದ ನಾ ಓದಿದ್ದು, ಡಾಕ್ಟರ್ ಹತ್ರ ಕೇಳಿ ತಿಳ್ಕೊಂಡಿದ್ದು, ರಿಪೋರ್ಟ್ ಇಸ್ಕೊಳ್ಳಾಕ ಬಂದ ಮಂದಿ ಕಿಟಕಿ ಹತ್ರ ನಿಂತು ನನ್ನ ಕೇಳಿದ್ದು ಎಲ್ಲಾ ಕೂಡ್ಸಿ ಇಲ್ಲೆ ಬರ್ದೀನಿ. ನಾ ಡಾಕ್ಟರ್ ಅಲ್ರಿ. ಗುಳಿಗಿ ಚಾಲೂ ಮಾಡೋದು, ಬಂದ್ ಮಾಡೋದು ನಿಮ್ಮ ಡಾಕ್ಟರ್ ಹೇಳಿದಂಗನ ಆಗ್ಬೇಕು, ಆದ್ರ ಅಲ್ಲಿ ಹೋಗಿ ಏನು ಕೇಳ್ಬೇಕು ಅನ್ನೋದರ ನಮಗ ಗೊತ್ತಿರ್ಬೇಕಲ್ಲ.

ರುಮಟಾಯ್ಡ್ ಅಂದ್ರ ಕೀಲುಬ್ಯಾನಿ, ಅದಕ್ಕೂ ರಕ್ತಕ್ಕೂ ಏನು ಸಂಬಂಧ?

ವಯಸ್ಸಾದ ಮ್ಯಾಲ ಮೊಣಕಾಲು ಸವೀತೈತಲ್ಲ, ಅದು ಬ್ಯಾರೆ, ಇದು ಬ್ಯಾರೆ. ಇದ್ರಾಗ ನಮ್ಮ ಮೈ ಕಾಯೋ ಶಕ್ತಿನ ದಾರಿ ತಪ್ಪಿ ಕೀಲಿನ ಒಳಪದರದ ಮ್ಯಾಲ ಬೀಳ್ತೈತಿ. ಕೈ ಬೆರಳಿನ ಸಣ್ಣ ಸಣ್ಣ ಗೆಣ್ಣು, ಮಣಿಕಟ್ಟು, ಕಾಲಿನ ಬೆರಳು, ಹೆಚ್ಚಾಗಿ ಎರಡೂ ಕಡೆ ಒಟ್ಟಿಗೆ ಬಾತ್ಕೊಂತಾವು, ಮುಂಜಾನೆ ಎದ್ದ ಮ್ಯಾಲ ಒಂದು ತಾಸಾದ್ರೂ ಮುಷ್ಟಿ ಹಿಡಿಯಾಕ ಬರಂಗಿಲ್ಲ. ಗಂಡಸರಿಗಿಂತ ಹೆಣ್ಮಕ್ಕಳಿಗೆ ಎರಡು ಮೂರು ಪಟ್ಟು ಜಾಸ್ತಿ. ಈಗ ನೋಡ್ರಿ, ಆ ಕೀಲಿನೊಳಗ ಉರಿ ಎಬ್ಬಿಸೋ ರಾಸಾಯನಿಕಗಳು ಅಲ್ಲೇ ಕುಂದ್ರಂಗಿಲ್ಲ, ರಕ್ತದ ಕೂಡ ಊರೆಲ್ಲಾ ತಿರುಗ್ತಾವು, ಲಿವರಿಗೂ ಹೋಗ್ತಾವು, ಹೃದಯದ ರಕ್ತನಾಳಕ್ಕೂ ಹೋಗ್ತಾವು, ಕಾಲಿನ ರಕ್ತನಾಳಕ್ಕೂ ಹೋಗ್ತಾವು. ಬೆರಳು ಬಾತಿದ್ದು ಕಣ್ಣಿಗೆ ಕಾಣ್ತೈತಿ, ಉಳಿದಿದ್ದು ಕಾಣಂಗಿಲ್ಲ, ಅಷ್ಟ ವ್ಯತ್ಯಾಸ.

ಉರಿಯೂತ ಇದ್ರ ರಕ್ತ ಯಾಕ ಜಲ್ದಿ ಹೆಪ್ಪುಗಟ್ತೈತಿ?

ಇದು ನನಗ ಭಾಳ ಮಹತ್ವದ ಪ್ರಶ್ನಿ ಅನ್ನಿಸ್ತೈತಿ, ಅದಕ್ಕ ಸ್ವಲ್ಪ ಉದ್ದ ಬರೀತೀನಿ.

ಗಾಯ ಆದ್ರ ರಕ್ತ ನಿಲ್ಲಬೇಕು, ಅದಕ್ಕ ಹೆಪ್ಪುಗಟ್ಟೋದು ಬೇಕು. ಗಾಯದಾಗ ರೋಗಾಣು ಹೊಕ್ರ ಅದನ್ನ ಹೊಡೀಬೇಕು, ಅದಕ್ಕ ಉರಿಯೂತ ಬೇಕು. ಎರಡೂ ಕೆಲಸ ಒಟ್ಟಿಗೆ ಆಗ್ಲಿ ಅಂತ ಮೈಯೊಳಗ ಇವೆರಡಕ್ಕೂ ಗಂಟು ಹಾಕಿಟ್ಟೈತಿ. ಒಂದು ಎದ್ರ ಇನ್ನೊಂದನ್ನೂ ಎಬ್ಬಿಸ್ತೈತಿ. ಗಾಯ ಮಾಯ್ದ ಮ್ಯಾಲ ಎರಡೂ ಮಲ್ಕೊಂತಾವು. ರುಮಟಾಯ್ಡ್‌ನ್ಯಾಗ ಗಾಯನ ಇಲ್ಲ, ಆದ್ರ ಉರಿಯೂತ ವರ್ಷಾನುಗಟ್ಟಲೆ ಎದ್ದ ಕುಂತಿರ್ತೈತಿ, ಹಂಗಾಗಿ ಹೆಪ್ಪುಗಟ್ಟೋ ವ್ಯವಸ್ಥೆನೂ ಅರ್ಧ ಎಚ್ಚರದಾಗ ಇರ್ತೈತಿ.

ಹೆಂಗ ಅಂದ್ರ, ಐಎಲ್-6 ಅಂತ ಒಂದು ರಾಸಾಯನಿಕ ಸಂದೇಶ ಐತಿ. ಅದು ಲಿವರಿಗೆ ಮುಟ್ಟಿದ್ರ ಲಿವರ್ ಫೈಬ್ರಿನೋಜನ್ ಅನ್ನೋ ಪ್ರೋಟೀನ್ ಜಾಸ್ತಿ ಮಾಡಾಕ ಹತ್ತೈತಿ. ಫೈಬ್ರಿನೋಜನ್ ಅಂದ್ರ ಹೆಪ್ಪಿನ ಕಚ್ಚಾಮಾಲು, ನೂಲು ಇದ್ದಂಗ, ಇದ್ರಿಂದನ ಫೈಬ್ರಿನ್ ಎಳಿ ತಯಾರಾಗಿ ಜಾಳಿಗಿ ನೇಯ್ತೈತಿ. ನಾರ್ಮಲ್ ಆಗಿ ಒಂದು ಡೆಸಿಲೀಟರ್ ರಕ್ತದ ಪ್ಲಾಸ್ಮಾದಾಗ 200 ರಿಂದ 400 ಮಿಲಿಗ್ರಾಂ ಇರ್ತೈತಿ, ಬ್ಯಾನಿ ಜೋರಿದ್ದಾಗ ಇದರ ಮ್ಯಾಲ ಹೋಗ್ತೈತಿ. ಅದೇ ಐಎಲ್-6 ಪ್ಲೇಟ್‌ಲೆಟ್ (ಹೆಪ್ಪುಗಟ್ಟಾಕ ಬೇಕಾದ ಸಣ್ಣ ರಕ್ತಕಣ) ತಯಾರಿನೂ ಹೆಚ್ಚಿಸ್ತೈತಿ. ಡೆಂಗಿ ಬಂದ್ರ ಪ್ಲೇಟ್‌ಲೆಟ್ ಇಳೀತಾವು ಅಂತ ನಮ್ಮ ಮಂದಿಗೆಲ್ಲಾ ಗೊತ್ತು. ಇಲ್ಲೆ ಉಲ್ಟಾ, ನಾಲ್ಕೂವರೆ ಲಕ್ಷದ ಮ್ಯಾಲ ಹೋಗಿದ್ದನ್ನ ನಾನ ಎಷ್ಟೋ ಸಲ ರಿಪೋರ್ಟ್‌ನ್ಯಾಗ ಬರ್ದೀನಿ.

ಆಮ್ಯಾಲ ಟಿಎನ್‌ಎಫ್, ಐಎಲ್-1 ಅನ್ನೋ ಇಂಥಾವ ರಾಸಾಯನಿಕ ಸಂದೇಶ ಅದಾವು. ಇವು ರಕ್ತನಾಳದ ಒಳಗೋಡಿ ಮ್ಯಾಲ ಮತ್ತ ಮೊನೊಸೈಟ್ ಅನ್ನೋ ಬಿಳಿ ರಕ್ತಕಣದ ಮ್ಯಾಲ ಟಿಶ್ಯೂ ಫ್ಯಾಕ್ಟರ್ ಅನ್ನೋದನ್ನ ಹೊರಗ ತರ್ತಾವು. ಟಿಶ್ಯೂ ಫ್ಯಾಕ್ಟರ್ ಅಂದ್ರ ಹೆಪ್ಪುಗಟ್ಟೋ ಕೆಲಸಕ್ಕ ಕಡ್ಡಿ ಗೀರೋದು. ಅದು ಗೀರಿದ ಕೂಡ್ಲೆ ಒಂದರ ಹಿಂದ ಒಂದು ಫ್ಯಾಕ್ಟರ್ (ಹೆಪ್ಪುಗಟ್ಟಿಸೋ ಪ್ರೋಟೀನ್) ಎದ್ದು ಕೊನೀಗೆ ಥ್ರಾಂಬಿನ್ ಹುಟ್ತೈತಿ, ಥ್ರಾಂಬಿನ್ನು ಫೈಬ್ರಿನೋಜನ್ನನ್ನ ಫೈಬ್ರಿನ್ ಮಾಡ್ತೈತಿ. ಕೆಟ್ಟದ್ದು ಏನಂದ್ರ ಥ್ರಾಂಬಿನ್ ಅಲ್ಲಿಗೆ ಸುಮ್ನಾಗಂಗಿಲ್ಲ, ತಿರುಗಿ ರಕ್ತನಾಳದ ಜೀವಕೋಶಕ್ಕ ಹೋಗಿ ಇನ್ನಷ್ಟು ಉರಿ ಎಬ್ಬಿಸು ಅಂತ ಹೇಳ್ತೈತಿ. ಉರಿ ಹೆಪ್ಪನ್ನ ಎಬ್ಬಿಸೋದು, ಹೆಪ್ಪು ಉರೀನ ಎಬ್ಬಿಸೋದು, ಹಿಂಗ ಗಾಣದ ಎತ್ತಿನಂಗ ಸುತ್ತು ನಡೀತೈತಿ.

ಬ್ರೇಕ್ ಹಾಕೋವು ಇಲ್ಲೇನು ಅಂದ್ರ ಅದಾವು. ಪ್ರೋಟೀನ್ ಸಿ, ಆಂಟಿಥ್ರಾಂಬಿನ್ ಅಂತ. ಉರಿಯೂತ ಇವುಗಳ ಶಕ್ತಿನೂ ಕುಗ್ಗಿಸ್ತೈತಿ. ಕಟ್ಟಿದ ಹೆಪ್ಪನ್ನ ಕರಗಿಸೋ ವ್ಯವಸ್ಥೆ ಇನ್ನೊಂದು ಐತಿ, ಅದನ್ನ ತಡಿಯೋ ಪಿಎಐ-1 ಅನ್ನೋದು ಉರಿಯೂತದಾಗ ಜಾಸ್ತಿ ಆಗ್ತೈತಿ. ಅಂದ್ರ ಕಟ್ಟೋದು ಜೋರು, ತಡಿಯೋದು ಕಮ್ಮಿ, ಕರಗೋದೂ ಕಮ್ಮಿ, ಮೂರೂ ಒಂದ ಕಡಿ ವಾಲ್ತಾವು.

ನಮ್ಮ ಅಪ್ಪಗ ನಾ ತುಂಗಭದ್ರಾ ಎಡದಂಡಿ ಕಾಲುವಿ ಲೆಕ್ಕದಾಗ ಹೇಳಿದ್ದೆ, ಆತಗ ಪಟ್ ಅಂತ ತಿಳೀತು. ಒಳಗೋಡಿ ನುಣ್ಣಗ ಇದ್ರ ನೀರು ಸರಾಗ ಹರೀತೈತಿ. ಗಿಲಾವು ಕಿತ್ತು ಬಂದ್ರ ಅಲ್ಲಿ ಕಸ ಸಿಕ್ಕಿಹಾಕ್ಕೊಂತೈತಿ, ನೀರಿನಾಗ ಹೂಳು ಜಾಸ್ತಿ ಇದ್ರ ಇನ್ನೂ ಜಲ್ದಿ ಕಟ್ತೈತಿ, ಹೂಳೆತ್ತೋರು ಬರ್ಲಿಲ್ಲ ಅಂದ್ರ ಕೆಳಭಾಗದ ಗದ್ದಿಗೆ ನೀರು ಮುಟ್ಟಂಗಿಲ್ಲ.

ಹಂಗಾದ್ರ ಕೀಲಿನೊಳಗೂ ಹೆಪ್ಪುಗಟ್ತೈತೇನು?

ರಕ್ತದ ಗಡ್ಡಿ ಅಲ್ಲ, ಆದ್ರ ಫೈಬ್ರಿನ್ ಮಾತ್ರ ಕೀಲಿನೊಳಗ ಕೂಡ್ಕೊಂತೈತಿ. ಕೆಲವರ ಮೊಣಕಾಲಿನ ನೀರಿನಾಗ ಬೆಳ್ಳಗ ಅಕ್ಕಿಕಾಳಿನಂಥಾವು ಸಿಗ್ತಾವು, ಡಾಕ್ಟರುಗಳು ಅವಕ್ಕ ರೈಸ್ ಬಾಡಿ ಅಂತನ ಕರೀತಾರ, ಅವುಗಳ ಒಳಗ ಫೈಬ್ರಿನ್ ಇರ್ತೈತಿ. ಭತ್ತ ಬೆಳಿಯೋ ಊರಿನವರಿಗೆ ಈ ಹೆಸರು ಬಿಡಿಸಿ ಹೇಳೋದು ಬ್ಯಾಡ.

ಇಎಸ್‌ಆರ್ 80 ಬಂದೈತಿ, ರಕ್ತ ದಪ್ಪ ಆಗೈತಿ ಅಂತ ಅರ್ಥಾನಾ?

ಪೂರ್ತಿ ಹಂಗಲ್ಲ, ಆದ್ರ ಈ ಪ್ರಶ್ನಿಯೊಳಗ ಸತ್ಯ ಐತಿ. ಇಎಸ್‌ಆರ್ ಅಂದ್ರ ಉದ್ದನೆ ಟ್ಯೂಬಿನಾಗ ರಕ್ತ ಹಾಕಿ ನಿಲ್ಸಿ, ಒಂದು ತಾಸಿನಾಗ ಕೆಂಪುಕಣ ಎಷ್ಟು ಮಿಲಿಮೀಟರ್ ಕೆಳಗ ಇಳಿದ್ವು ಅಂತ ನೋಡೋದು. ಕೆಂಪುಕಣಗಳು ಸಹಜವಾಗಿ ಒಂದಕ್ಕೊಂದು ದೂರ ತಳ್ಳಾಡ್ತಾವು. ಫೈಬ್ರಿನೋಜನ್ ಜಾಸ್ತಿ ಆದ್ರ ಆ ತಳ್ಳಾಟ ಕಮ್ಮಿ ಆಗಿ ನಾಣ್ಯ ಒಂದರ ಮ್ಯಾಲ ಒಂದು ಪೇರಿಸಿದಂಗ ಅಂಟ್ಕೊಂತಾವು, ಅಂಟಿದ್ವು ಭಾರ ಆಗಿ ಜಲ್ದಿ ಇಳೀತಾವು. ಅಂದ್ರ ಕೀಲುಬ್ಯಾನಿಗೆ ಅಂತ ನೀವು ಮಾಡಿಸೋ ಈ ಟೆಸ್ಟ್‌ನ್ಯಾಗ ಹೆಪ್ಪಿನ ಕಚ್ಚಾಮಾಲಿನ ಸುಳಿವೂ ಅಡಗೇತಿ. ಇದು ನನಗ ಗೊತ್ತಾದ ದಿನ ಭಾಳ ಹೊತ್ತು ಆ ಟ್ಯೂಬ್ ನೋಡ್ಕೋತ ಕುಂತಿದ್ದೆ, ಅಷ್ಟು ವರ್ಷ ಬರೇ ನಂಬರ್ ಬರ್ದು ಕಳಿಸಿದ್ನಲ್ಲ ಅಂತ.

ಆದ್ರ ರಕ್ತ ಕಮ್ಮಿ ಇದ್ರೂ ಇಎಸ್‌ಆರ್ ಏರ್ತೈತಿ, ಬಸುರಿದ್ರೂ ಏರ್ತೈತಿ, ಬ್ಯಾರೆ ಸೋಂಕಿದ್ರೂ ಏರ್ತೈತಿ. ಬರೇ ಇಎಸ್‌ಆರ್ ನೋಡಿ ಹೆಪ್ಪುಗಟ್ಟೈತಿ ಅಂತ ಹೇಳಾಕ ಬರಂಗಿಲ್ಲ. ಸಿಆರ್‌ಪಿ ಅಂದ್ರ ಉರಿಯೂತ ಇದ್ದಾಗ ರಕ್ತದಾಗ ಏರೋ ಒಂದು ಪ್ರೋಟೀನ್, ಅದು ಇನ್ನೂ ಜಲ್ದಿ ಏರ್ತೈತಿ ಜಲ್ದಿ ಇಳೀತೈತಿ, ಅದಕ್ಕ ಇವತ್ತಿನ ಉರಿ ಎಷ್ಟು ಅಂತ ತಿಳೀಲಿಕ್ಕೆ ಅದು ಚಲೋ.

ಅಪಾಯ ಎಷ್ಟರ ಮಟ್ಟಿಗೆ ಐತಿ, ಎಲ್ಲಾರಿಗೂ ಆಗ್ತೈತೇನು?

ಇಲ್ರಿ, ಅಂಜಬ್ಯಾಡ್ರಿ. ಹೆಚ್ಚಿನ ಮಂದಿಗೆ ಜೀವನಪೂರ್ತಿ ಆಗಂಗಿಲ್ಲ. ಆದ್ರ ಈ ಬ್ಯಾನಿ ಇಲ್ಲದವರ ಜೊತಿ ಹೋಲಿಸಿದ್ರ ಕಾಲಿನ ಆಳದ ರಕ್ತನಾಳದಾಗ ಹೆಪ್ಪುಗಟ್ಟೋದು, ಅದು ಕಿತ್ತು ಪುಪ್ಪುಸಕ್ಕ ಹೋಗೋದು, ಇವೆರಡರ ಅಪಾಯ ಸುಮಾರು ಎರಡು ಪಟ್ಟು. ಹಾರ್ಟ್ ಅಟ್ಯಾಕ್ ತರದ ಹೃದಯದ ತೊಂದ್ರಿ ಸುಮಾರು ಒಂದೂವರೆ ಪಟ್ಟು. ಸ್ವೀಡನ್ ದೇಶದಾಗ ಸಾವಿರಾರು ರುಮಟಾಯ್ಡ್ ಪೇಷಂಟ್‌ಗಳ ದಾಖಲೆ ನೋಡಿ 2021 ರಾಗ ಒಂದು ಅಧ್ಯಯನ ಬಂತು. ಬ್ಯಾನಿ ಭಾಳ ಜೋರಿದ್ದವರೊಳಗ ನೂರಕ್ಕ ಸುಮಾರು ಒಬ್ಬರಿಗೆ ಮುಂದಿನ ಒಂದು ವರ್ಷದೊಳಗ ಹಿಂಗ ಹೆಪ್ಪುಗಟ್ಟಿತ್ತು, ಹತೋಟಿಗೆ ಬಂದವರೊಳಗ ಅದರ ಅರ್ಧಕ್ಕಿಂತ ಕಮ್ಮಿ. ನಾ ಹೇಳ್ಬೇಕಂದಿದ್ದು ಇದ್ರಾಗನ ಐತಿ ನೋಡ್ರಿ. ನೋವು ಕಮ್ಮಿ ಆದ್ರ ಸಾಕು ಅನ್ನೋದಲ್ಲ, ಉರಿಯೂತನ ಕೆಳಗಿಳಿಬೇಕು.

ಕಾಲಿನಾಗ ಹೆಪ್ಪುಗಟ್ಟಿದ್ರ ಹೆಂಗ ಗೊತ್ತಾಗ್ತೈತಿ? ಕೀಲುಬ್ಯಾನಿ ಇದ್ದವರಿಗೆ ಕಾಲು ಬಾಯೋದು ಇದ್ದದ್ದ ಅಲ್ಲ?

ಇದೇ ತಪ್ಪನ್ನ ನಾವೂ ಮಾಡಿದ್ವಿ.

ನಮ್ಮವ್ವ ನಾಟಿ ಮುಗಿಸಿ ಬಂದಿದ್ಲು. ಆಗ ಬ್ಯಾನಿ ಜೋರಿತ್ತು, ಒಂದು ವಾರ ಹಾಸಿಗಿ ಹಿಡಿದಿದ್ಲು. ಎಡಗಾಲು ಮೊಣಕಾಲಿನ ಕೆಳಗ ಬಾತ್ತು, ಮುಟ್ಟಿದ್ರ ಬಿಸಿ, ಮೀನಖಂಡ ಹಿಚುಕಿದ್ರ ನೋವು. ಒಂದು ದವಾಖಾನಿಗೆ ಕರ್ಕೊಂಡು ಹೋದ್ವಿ, ನಿಮಗ ಮೊದಲ ವಾತ ಐತಲ್ಲಮ್ಮ ಅಂತ ಹೇಳಿ ನೋವಿನ ಇಂಜೆಕ್ಷನ್ ಕೊಟ್ಟು ಕಳ್ಸಿದ್ರು. ನಾನೂ ಲ್ಯಾಬಿನಾಕಿ, ನನಗೂ ಹೊಳೀಲಿಲ್ಲ. ಮೂರು ದಿನ ಎಳ್ಳೆಣ್ಣಿ ಕಾಸಿ ತಿಕ್ಕಿದ್ವಿ. ನಾಲ್ಕನೇ ದಿನ ಆಕಿಗೆ ಮೆಟ್ಟಲು ಹತ್ತಾಕ ದಮ್ಮು ಬಂತು, ಅವಾಗ ಹೆದರಿ ದೊಡ್ಡ ಆಸ್ಪತ್ರಿಗೆ ಹೋದ್ವಿ, ರಕ್ತನಾಳದಾಗ ರಕ್ತ ಹರಿಯೋದನ್ನ ತೋರ್ಸೋ ಡಾಪ್ಲರ್ ಸ್ಕ್ಯಾನ್ ಮಾಡಿದ್ರು, ತೊಡಿವರೆಗೂ ಹೆಪ್ಪು ಇತ್ತು, ಸಣ್ಣ ತುಂಡು ಪುಪ್ಪುಸಕ್ಕೂ ಹೋಗಿತ್ತು. ಆಕಿ ಉಳಿದ್ಲು, ಅದು ನಮ್ಮ ಪುಣ್ಯ.

ವ್ಯತ್ಯಾಸ ಹಿಡಿಯೋದು ಹಿಂಗ. ರುಮಟಾಯ್ಡ್ ಬಾವು ಹೆಚ್ಚಾಗಿ ಎರಡೂ ಕಡೆ, ಕೀಲಿನ ಸುತ್ತ. ಅಂಜನಾದ್ರಿ ಬೆಟ್ಟ ಹತ್ತಿ ಇಳಿದು ಬಂದ್ರ ಕಾಲು ನೋಯ್ತಾವು, ಆದ್ರ ಎರಡೂ ನೋಯ್ತಾವು. ಹೆಪ್ಪುಗಟ್ಟಿದ ಕಾಲು ಸಾಮಾನ್ಯ ಒಂದ ಕಡೆ, ಕೀಲು ಬಿಟ್ಟು ಮೀನಖಂಡ ಅಥವಾ ಇಡೀ ಕಾಲು ಬಾಯ್ತೈತಿ, ಬಿಸಿ ಇರ್ತೈತಿ, ಬಣ್ಣ ಸ್ವಲ್ಪ ಕೆಂಪು ಇಲ್ಲಾ ಕಪ್ಪಾಗ್ತೈತಿ. ಎರಡೂ ಮೀನಖಂಡ ಟೇಪಿನಿಂದ ಅಳೀರಿ, 3 ಸೆಂಟಿಮೀಟರ್‌ಗಿಂತ ಜಾಸ್ತಿ ಫರಕು ಇದ್ರ ಅವತ್ತ ಡಾಕ್ಟರ್ ಹತ್ರ ಹೋಗ್ರಿ, ನಾಳೆ ಸಂತಿ ಮುಗಿಸಿ ಹೋಗೋಣು ಅನ್ನಬ್ಯಾಡ್ರಿ. ಫರಕು ಕಮ್ಮಿ ಇದ್ರ ಏನೂ ಇಲ್ಲ ಅಂತ ಅಲ್ಲ ಮತ್ತ, ಅನುಮಾನ ಇದ್ರೂ ಹೋಗ್ರಿ.

ಪಟ್ ಅಂತ ದಮ್ಮು ಹತ್ತೋದು, ಉಸಿರು ಎಳ್ಕೊಂಡ್ರ ಎದಿ ಚುಚ್ಚೋದು, ಕೆಮ್ಮಿದ್ರ ರಕ್ತ, ಕಣ್ಣು ಕತ್ಲಿ ಬಂದು ಬೀಳೋದು, ಇದ್ರಾಗ ಯಾವ್ದು ಬಂದ್ರೂ 108 ಕ್ಕ ಫೋನ್ ಮಾಡ್ರಿ.

ಮೊಣಕಾಲಿನ ಹಿಂದ ಗುಳ್ಳಿ ಒಡದೈತಿ ಅಂತ ಹೇಳ್ಯಾರ, ಅದೂ ಇದೂ ಒಂದೇನಾ?

ಒಂದಲ್ಲ, ಆದ್ರ ನೋಡಾಕ ಅವಳಿ ಜವಳಿ ಇದ್ದಂಗ. ರುಮಟಾಯ್ಡ್ ಇದ್ದವರಿಗೆ ಮೊಣಕಾಲಿನ ಹಿಂದ ಕೀಲಿನ ನೀರು ತುಂಬಿದ ಚೀಲ ಆಗ್ತೈತಿ, ಬೇಕರ್ಸ್ ಸಿಸ್ಟ್ ಅಂತಾರ. ಅದು ಒಡದ್ರ ನೀರು ಮೀನಖಂಡಕ್ಕ ಇಳ್ದು ಹೆಪ್ಪುಗಟ್ಟಿದಂಗ ಬಾಯ್ತೈತಿ. ಕಣ್ಣಿಲೆ ನೋಡಿ ಹೇಳಾಕ ಎಂಥಾ ಡಾಕ್ಟರಿಗೂ ಕಷ್ಟ, ಡಾಪ್ಲರ್ ಸ್ಕ್ಯಾನ್‌ನ್ಯಾಗ ಗೊತ್ತಾಗ್ತೈತಿ.

ಬಾತ ಕಾಲಿಗೆ ಎಣ್ಣಿ ಹಚ್ಚಿ ತಿಕ್ಕಬಹುದಾ?

ಒಂದ ಕಾಲು ಹೊಸದಾಗಿ ಬಾತಿದ್ರ ತಿಕ್ಕಲೇಬ್ಯಾಡ್ರಿ. ಹೆಪ್ಪು ಇದ್ರ ತುಂಡಾಗಿ ಪುಪ್ಪುಸಕ್ಕ ಹೋಗಬಹುದು. ಸ್ಕ್ಯಾನ್ ಆಗೋತನಕ ಕೈ ಹಚ್ಚಬ್ಯಾಡ್ರಿ.

ಡಿ-ಡೈಮರ್ ಜಾಸ್ತಿ ಬಂದೈತಿ, ಹೆಪ್ಪುಗಟ್ಟೈತಿ ಅಂತನ ಲೆಕ್ಕಾನಾ?

ಡಿ-ಡೈಮರ್ ಅಂದ್ರ ಫೈಬ್ರಿನ್ ಕರಗಿದಾಗ ಬರೋ ಚೂರು. ರುಮಟಾಯ್ಡ್ ಜೋರಿದ್ದವರಿಗೆ ಕಾಲಿನಾಗ ಹೆಪ್ಪು ಇಲ್ಲದಿದ್ರೂ ಇದು ಜಾಸ್ತಿ ಇರ್ತೈತಿ, ಯಾಕಂದ್ರ ಒಳಗೊಳಗ ಸಣ್ಣದಾಗಿ ಕಟ್ಟೋದು ಕರಗೋದು ನಡದ ಇರ್ತೈತಿ. ಅದಕ್ಕ ಜಾಸ್ತಿ ಬಂದ್ರ ಅದೊಂದ ಪುರಾವೆ ಅಲ್ಲ, ಸ್ಕ್ಯಾನ್ ಬೇಕು. ಡಾಕ್ಟರಿಗೆ ಅನುಮಾನ ಕಮ್ಮಿ ಇದ್ದು ಡಿ-ಡೈಮರ್ರೂ ನಾರ್ಮಲ್ ಬಂದ್ರ, ಹೆಪ್ಪು ಇಲ್ಲ ಅನ್ನಾಕ ಅದು ಉಪಯೋಗ ಆಗ್ತೈತಿ. ಮಂದಿ ತಾವ ಬಂದು ಮಾಡಿಸ್ರಿ ಅಂತಾರ, ನಾ ಮೊದಲ ಡಾಕ್ಟರ್ ಚೀಟಿ ತಗೊಂಡು ಬರ್ರಿ ಅಂತ ಕಳಿಸ್ತೀನಿ, ಸುಮ್ನ ರೊಕ್ಕನೂ ಹೋಗ್ತೈತಿ ನಿದ್ದಿನೂ ಹೋಗ್ತೈತಿ.

ನಮ್ಮೂರಾಗ ಎಲ್ಲಾರಿಗೂ ಕೀಲುನೋವು, ಎಲ್ಲಾರಿಗೂ ಇದೇ ಬ್ಯಾನಿ ಇರಬಹುದಾ?

ಇಲ್ಲ. 2006 ರಾಗ ಚಿಕೂನ್‌ಗುನ್ಯಾ ಬಂದಿದ್ದು ನೆನಪಿರಬೇಕು, ಮನಿ ಮನಿಯಾಗ ಮಂದಿ ಗೋಡಿ ಹಿಡ್ಕೊಂಡು ನಡೀತಿದ್ರು. ಆ ಜ್ವರ ಹೋದ ಮ್ಯಾಲೂ ಕೀಲುನೋವು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉಳೀತೈತಿ, ರುಮಟಾಯ್ಡ್‌ನಂಗನ ಕಾಣ್ತೈತಿ. ಇನ್ನೊಂದು, ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಎಷ್ಟೋ ಊರಿನ ಬೋರ್ ನೀರಿನಾಗ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ಮಿತಿ, ಅದಕ್ಕಿಂತ ಜಾಸ್ತಿ ಇರೋ ನೀರು ವರ್ಷಾನುಗಟ್ಟಲೆ ಕುಡದ್ರ ಹಲ್ಲು ಹಳದಿ ಆಗಿ, ಎಲುಬು ಬಿಗಿದು, ಬೆನ್ನು ಬಗ್ಗದಂಗ ಆಗ್ತೈತಿ. ಇವೆಲ್ಲಾ ಬ್ಯಾರೆ ಬ್ಯಾರೆ. ಆರ್‌ಎ ಫ್ಯಾಕ್ಟರ್, ಆಂಟಿ-ಸಿಸಿಪಿ ಅನ್ನೋ ಟೆಸ್ಟು, ಕೀಲು ಮುಟ್ಟಿ ನೋಡೋದು, ಇಎಸ್‌ಆರ್, ಸಿಆರ್‌ಪಿ ಎಲ್ಲಾ ಸೇರ್ಸಿ ಡಾಕ್ಟರು ನಿರ್ಧಾರ ಮಾಡ್ತಾರ. ಆರ್‌ಎ ಫ್ಯಾಕ್ಟರ್ ಒಂದ ಪಾಸಿಟಿವ್ ಬಂದ್ರ ಬ್ಯಾನಿ ಐತಿ ಅಂತ ಅಲ್ಲ, ನೆಗೆಟಿವ್ ಬಂದ್ರ ಇಲ್ಲ ಅಂತನೂ ಅಲ್ಲ.

ಮೆಥೊಟ್ರೆಕ್ಸೇಟ್ ಗುಳಿಗಿಯಿಂದ ರಕ್ತ ಹೆಪ್ಪುಗಟ್ತೈತಿ ಅಂತ ಯಾರೋ ಹೇಳಿದ್ರು, ಬಿಡ್ಲೇನು?

ಬಿಡಬ್ಯಾಡ್ರಿ. ಅದು ಉರಿಯೂತ ಇಳಿಸೋ ಗುಳಿಗಿ, ಉರಿ ಇಳದ್ರ ಮ್ಯಾಲ ಹೇಳಿದ ಆ ಸುತ್ತೂ ನಿಧಾನ ಆಗ್ತೈತಿ. ಆದ್ರ ಒಂದು ಮಾತು ಕೈಮುಗಿದು ಹೇಳ್ತೀನಿ, ಅದು ವಾರಕ್ಕ ಒಂದ ದಿನ ತಗೊಳ್ಳೋ ಗುಳಿಗಿ. ದಿನಾ ನುಂಗಿದ್ರ ರಕ್ತಕಣ ಸತ್ತು ಜೀವಕ್ಕ ಕುತ್ತು ಬರ್ತೈತಿ. ಓದಾಕ ಬರದ ಹಿರಿಯರು ಮನಿಯಾಗ ಇದ್ರ ಕ್ಯಾಲೆಂಡರಿನಾಗ ವಾರಕ್ಕ ಒಂದು ಸುತ್ತು ಹಾಕಿ, ಗುಳಿಗಿ ಬ್ಯಾರೆ ಡಬ್ಬಿಯಾಗ ಇಡ್ರಿ. ಫೋಲಿಕ್ ಆಸಿಡ್ ಅನ್ನೋ ವಿಟಮಿನ್ ಗುಳಿಗಿ ಡಾಕ್ಟರ್ ಹೇಳಿದ ದಿನ ತಗೋಬೇಕು, ಲಿವರ್ ಟೆಸ್ಟು ರಕ್ತಕಣದ ಟೆಸ್ಟು ತಪ್ಪಿಸಬಾರದು. ಹೈಡ್ರಾಕ್ಸಿಕ್ಲೋರೊಕ್ವಿನ್ ಅನ್ನೋ ಗುಳಿಗಿಗೆ ಹೆಪ್ಪುಗಟ್ಟೋದನ್ನ ಸ್ವಲ್ಪ ತಡಿಯೋ ಗುಣ ಐತಿ ಅಂತಾರ, ಅದನ್ನ ತಗೊಳ್ಳೋರು ಕಣ್ಣಿನ ತಪಾಸಣೆ ಮಾಡಿಸ್ಕೋತ ಇರ್ಬೇಕು.

ಹಂಗಾದ್ರ ಯಾವ ಔಷಧದಿಂದ ಹುಷಾರಾಗಿರ್ಬೇಕು?

ಒಂದು, ಸ್ಟೀರಾಯ್ಡ್. ಬ್ಯಾನಿ ಉಕ್ಕಿದಾಗ ಸ್ವಲ್ಪ ದಿನ ಬೇಕಾಗಬಹುದು, ಆದ್ರ ಜಾಸ್ತಿ ಡೋಸಿನಾಗ ಭಾಳ ದಿನ ನಡದ್ರ ಹೆಪ್ಪುಗಟ್ಟೋ ಅಪಾಯ ಏರ್ತೈತಿ, ಶುಗರ್, ಬಿಪಿನೂ ಏರ್ತೈತಿ, ಎಲುಬೂ ಟೊಳ್ಳಾಗ್ತೈತಿ. ಸಂತಿಯಾಗ, ಬಸ್‌ಸ್ಟ್ಯಾಂಡ್ ಹತ್ರ ಕೀಲುನೋವಿಗೆ ಅಂತ ಹೆಸರಿಲ್ಲದ ಪುಡಿ, ಗುಳಿಗಿ ಮಾರ್ತಾರಲ್ಲ, ಎರಡ ದಿನದಾಗ ಎದ್ದು ಓಡಾಡ್ತಾರಂತಲ್ಲ, ಅಂಥಾದ್ರಾಗ ಸ್ಟೀರಾಯ್ಡ್ ಕಲಸಿರೋದು ಎಷ್ಟೋ ಕಡೆ ಸಿಕ್ಕೈತಿ. ನಮ್ಮವ್ವನೂ ಅಂಥಾ ಪುಡಿ ಒಂದು ವರ್ಷ ತಿಂದಿದ್ಲು. ತಿಂತಿರೋರು ಪಟ್ ಅಂತ ಬಿಟ್ರೂ ಅಪಾಯ, ಡಾಕ್ಟರಿಗೆ ಮುಚ್ಚಿಡದಂಗ ಹೇಳಿ ಬಿಡಿಸ್ಕೋಬೇಕು.

ಎರಡು, ನೋವಿನ ಗುಳಿಗಿ. ಡೈಕ್ಲೊಫೆನಾಕ್, ಎಟೊರಿಕಾಕ್ಸಿಬ್ ಅಂಥಾವು ನೋವು ಇಳಿಸ್ತಾವು, ಆದ್ರ ಬ್ಯಾನಿಯ ಬೇರಿಗೆ ಮುಟ್ಟಂಗಿಲ್ಲ, ಹೃದಯಕ್ಕ ಭಾರ, ಕಿಡ್ನಿಗೂ ಭಾರ. ರೊಫೆಕಾಕ್ಸಿಬ್ ಅಂತ ಇದೇ ಜಾತಿ ಗುಳಿಗಿ ಇತ್ತು, ಹಾರ್ಟ್ ಅಟ್ಯಾಕ್ ಜಾಸ್ತಿ ಆಗ್ತಾವು ಅಂತ ಗೊತ್ತಾಗಿ 2004 ರಾಗ ಜಗತ್ತಿನ ತುಂಬ ಮಾರೋದು ನಿಲ್ಲಿಸಿದ್ರು.

ಮೂರು, ಟೊಫಾಸಿಟಿನಿಬ್ ತರದ ಹೊಸ ಗುಳಿಗಿಗಳು. ಕೆಲಸ ಚಲೋ ಮಾಡ್ತಾವು, ಟಿಎನ್‌ಎಫ್, ಐಎಲ್-6 ಅಂಥಾ ಸಂದೇಶ ತಡಿಯೋ ಬಯೋಲಾಜಿಕ್ ಇಂಜೆಕ್ಷನ್‌ಕ್ಕಿಂತ ಅಗ್ಗ, ಅದಕ್ಕ ನಮ್ಮ ಕಡೆನೂ ಈಗ ಬರೀತಾರ. ಆದ್ರ 50 ವರ್ಷ ದಾಟಿ, ಹೃದಯದ ಬ್ಯಾನಿಗೆ ಕಾರಣ ಆಗೋವು ಒಂದರ ಇದ್ದವರ ಮ್ಯಾಲ ಒಂದು ದೊಡ್ಡ ಅಧ್ಯಯನ ಆತು, ಟಿಎನ್‌ಎಫ್ ತಡಿಯೋ ಇಂಜೆಕ್ಷನ್ ತಗೊಂಡವರಿಗಿಂತ ಇದನ್ನ ತಗೊಂಡವರೊಳಗ ಹಾರ್ಟ್ ತೊಂದ್ರಿ, ಕ್ಯಾನ್ಸರ್ ಜಾಸ್ತಿ ಕಂಡ್ವು, ದೊಡ್ಡ ಡೋಸಿನಾಗ ಪುಪ್ಪುಸಕ್ಕ ಹೆಪ್ಪು ಹೋಗೋದೂ ಜಾಸ್ತಿ ಇತ್ತು. ಅಮೆರಿಕದ ಔಷಧ ಇಲಾಖೆ 2019 ರಾಗ ಒಮ್ಮೆ, 2021 ರಾಗ ಇನ್ನೊಮ್ಮೆ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿತು. ಮೊದಲ ಹೆಪ್ಪುಗಟ್ಟಿದ್ದವರು, ಬೀಡಿ ಸಿಗರೇಟ್ ಸೇದೋರು, ವಯಸ್ಸಾದವರು ಈ ಗುಳಿಗಿ ಚಾಲೂ ಮಾಡೋಕಿಂತ ಮುಂಚೆ ಡಾಕ್ಟರಿಗೆ ಬಾಯಿಬಿಟ್ಟು ಹೇಳ್ರಿ. ಈಗಾಗ್ಲೇ ತಗೊಳ್ತಿರೋರು ಇದನ್ನ ಓದಿ ತಾವ ಬಿಡಬ್ಯಾಡ್ರಿ, ಹೋಗಿ ಮಾತಾಡ್ರಿ.

ಟೊಸಿಲಿಜುಮ್ಯಾಬ್ ಇಂಜೆಕ್ಷನ್ ಐಎಲ್-6 ನ ಕೆಲಸನ ತಡೀತೈತಿ, ಹಂಗಾಗಿ ಫೈಬ್ರಿನೋಜನ್, ಪ್ಲೇಟ್‌ಲೆಟ್ ಎರಡೂ ಇಳೀತಾವು. ಲ್ಯಾಬಿನಾಕಿಯಾಗಿ ಒಂದು ಸೇರಿಸ್ತೀನಿ: ಈ ಇಂಜೆಕ್ಷನ್ ಮ್ಯಾಲ ಇದ್ದವರಿಗೆ ಸೋಂಕು ಆದ್ರೂ ಸಿಆರ್‌ಪಿ ಏರದ ಇರಬಹುದು. ರಿಪೋರ್ಟ್ ನಾರ್ಮಲ್ ಐತಿ ಅಂತ ಜ್ವರನ ಕಡೆಗಣಿಸಬ್ಯಾಡ್ರಿ.

ದಿನಾ ಒಂದು ಆಸ್ಪಿರಿನ್ ನುಂಗಿದ್ರ ಆಗಂಗಿಲ್ಲೇನು?

ಆಸ್ಪಿರಿನ್ ಪ್ಲೇಟ್‌ಲೆಟ್ ಮ್ಯಾಲ ಕೆಲಸ ಮಾಡ್ತೈತಿ, ಹಾರ್ಟ್ ಅಟ್ಯಾಕ್ ಆದವರಿಗೆ ಕೊಡ್ತಾರ. ಕಾಲಿನ ಆಳದ ಹೆಪ್ಪಿಗೆ ಅದು ಸಾಕಾಗಂಗಿಲ್ಲ. ನೋವಿನ ಗುಳಿಗಿ, ಸ್ಟೀರಾಯ್ಡ್, ಆಸ್ಪಿರಿನ್ ಮೂರೂ ಕೂಡಿದ್ರ ಹೊಟ್ಟಿಯಾಗ ಹುಣ್ಣಾಗಿ ರಕ್ತ ಹೋಗ್ತೈತಿ. ಡಾಂಬರಿನಂಗ ಕಪ್ಪು ಹೇಲು ಬಂದ್ರ ತಡಮಾಡಬ್ಯಾಡ್ರಿ.

ರಕ್ತ ತೆಳು ಮಾಡೋ ಗುಳಿಗಿ ಚಾಲೂ ಐತಿ, ಪುಂಡಿಪಲ್ಲೆ ಬಿಡಬೇಕಾ?

ಯಾವ ಗುಳಿಗಿ ಅನ್ನೋದ್ರ ಮ್ಯಾಲ ಐತಿ. ವಾರ್ಫರಿನ್, ಅಸಿಟ್ರಾಮ್ ಇದ್ರ ಅವು ವಿಟಮಿನ್ ಕೆ ವಿರುದ್ಧ ಕೆಲಸ ಮಾಡ್ತಾವು, ಹಸಿರು ಸೊಪ್ಪಿನಾಗ ವಿಟಮಿನ್ ಕೆ ಇರ್ತೈತಿ. ಬಿಡೋದು ಬ್ಯಾಡ, ಆದ್ರ ಒಂದ ಸಮ ಇರ್ಲಿ. ಒಂದು ವಾರ ಮೂರು ಹೊತ್ತೂ ರೊಟ್ಟಿ ಜೊತಿ ಪುಂಡಿ, ಮೆಂತ್ಯ, ರಾಜಗಿರಿ, ಮುಂದಿನ ವಾರ ಬರೇ ಬ್ಯಾಳಿ, ಹಂಗಾದ್ರ ಐಎನ್‌ಆರ್ (ರಕ್ತ ಹೆಪ್ಪುಗಟ್ಟಾಕ ಎಷ್ಟು ಹೊತ್ತು ಹಿಡೀತೈತಿ ಅನ್ನೋ ಟೆಸ್ಟಿನ ಅಂಕಿ) ಏರುಪೇರು ಆಗ್ತೈತಿ. ಕಾಲಿನ ಹೆಪ್ಪಿಗೆ ಸಾಮಾನ್ಯ ಐಎನ್‌ಆರ್ 2 ರಿಂದ 3 ರೊಳಗ ಇಡ್ತಾರ. ಲೆಫ್ಲುನಮೈಡ್ ಅನ್ನೋ ಕೀಲಿನ ಗುಳಿಗಿ ಕೂಡಿದ್ರ ಐಎನ್‌ಆರ್ ಏರಬಹುದು, ಎರಡೂ ಡಾಕ್ಟರಿಗೆ ಎರಡೂ ಚೀಟಿ ತೋರಿಸ್ರಿ. ಅಪಿಕ್ಸಬಾನ್, ರಿವರಾಕ್ಸಬಾನ್ ಅಂಥಾ ಹೊಸ ಗುಳಿಗಿಗೆ ಸೊಪ್ಪಿನ ಕಾಟ ಇಲ್ಲ, ಐಎನ್‌ಆರ್ ಟೆಸ್ಟೂ ಬ್ಯಾಡ, ಆದ್ರ ಒಂದು ಹೊತ್ತೂ ತಪ್ಪಿಸಬಾರದು. ಕಮ್ಮಿ ಅಂದ್ರೂ ಮೂರು ತಿಂಗಳು, ಕೆಲವರಿಗೆ ಅದಕ್ಕಿಂತ ಜಾಸ್ತಿ ಬೇಕಾಗ್ತೈತಿ.

ಬೆಳ್ಳುಳ್ಳಿ, ಅರಿಶಿಣ ತಿಂದ್ರ ರಕ್ತ ತೆಳು ಆಗಂಗಿಲ್ಲೇನು ಅಂತನೂ ಕೇಳ್ತಾರ. ಅಡಿಗಿಯಾಗ ಹಾಕೋವಷ್ಟು ತಿನ್ರಿ. ಗುಳಿಗಿ ಬಿಟ್ಟು ಅದನ್ನ ನಂಬಬ್ಯಾಡ್ರಿ, ಗುಳಿಗಿ ಜೊತಿ ಅದರ ಕ್ಯಾಪ್ಸೂಲ್ ನುಂಗೋದೂ ಬ್ಯಾಡ, ರಕ್ತ ಸೋರೋದು ಜಾಸ್ತಿ ಆದೀತು.

ಜಾತ್ರಿಗೆ ಅಂತ ಮುಟ್ಟು ಮುಂದಕ್ಕ ಹಾಕೋ ಗುಳಿಗಿ ತಗೋಬಹುದಾ?

ಹುಲಿಗೆಮ್ಮನ ಹುಣ್ಣಿವಿ, ಗವಿಮಠದ ಜಾತ್ರಿ, ಮನಿಯಾಗ ಮದುವಿ ಬಂತಂದ್ರ ನಮ್ಮ ಹೆಣ್ಮಕ್ಕಳು ಅಂಗಡಿಯಾಗ ಬಾಯಿಲೆ ಕೇಳಿ ಈ ಗುಳಿಗಿ ತಗೊಂತಾರ. ಹಾರ್ಮೋನ್ ಗುಳಿಗಿಯಿಂದ ಕೆಲವರಿಗೆ ಹೆಪ್ಪುಗಟ್ಟೋ ಅಪಾಯ ಏರ್ತೈತಿ, ಈಸ್ಟ್ರೊಜನ್ ಇರೋ ಗರ್ಭನಿರೋಧಕ ಗುಳಿಗಿಯಿಂದಂತೂ ಏರೋದು ಖರೆ. ರುಮಟಾಯ್ಡ್ ಜೋರಿದ್ದಾಗ, ಮೊದಲ ಹೆಪ್ಪುಗಟ್ಟಿದ್ದಾಗ ಡಾಕ್ಟರನ್ನ ಕೇಳದ ತಗೋಬ್ಯಾಡ್ರಿ ತಂಗೀರ. ದೇವಿ ಮುಂದಿನ ಹುಣ್ಣಿವಿಗೂ ಅಲ್ಲೇ ಇರ್ತಾಳ.

ಬಸುರಿ ಇದ್ದಾಗ, ಹಡದ ಮ್ಯಾಲ ಆರು ವಾರ ಎಲ್ಲಾ ಹೆಣ್ಮಕ್ಕಳಿಗೂ ಹೆಪ್ಪುಗಟ್ಟೋ ಅಪಾಯ ಜಾಸ್ತಿ ಇರ್ತೈತಿ. ಬಾಣಂತನದಾಗ ಹೊರಸಿನ ಮ್ಯಾಲಿಂದ ಇಳಿಲಾರದಂಗ ಮಲಗಿಸಬ್ಯಾಡ್ರಿ, ಮನಿಯೊಳಗ ಅಡ್ಡಾಡ್ಲಿ. ಮೆಥೊಟ್ರೆಕ್ಸೇಟ್, ಲೆಫ್ಲುನಮೈಡ್ ನಡದಾಗ ಬಸುರಾಗಬಾರದು, ಮಗು ಬೇಕಂದ್ರ ಮೊದಲ ಡಾಕ್ಟರ್ ಹತ್ರ ಹೋಗಿ ಗುಳಿಗಿ ಬದಲಿ ಮಾಡಿಸ್ಕೋಬೇಕು.

ಬೆಂಗಳೂರಿಗೆ ತೋರಿಸಾಕ ಹೋಗೋದೈತಿ, ರಾತ್ರಿಪೂರ್ತಿ ಕುಂತು ಹೋದ್ರ ಏನರ ಆಗ್ತೈತೇನು?

ರುಡಾಲ್ಫ್ ವಿರ್ಕೋ ಅಂತ ಜರ್ಮನ್ ಡಾಕ್ಟರ್ ಹೆಸರಿನಾಗ ಒಂದು ಹಳೆ ಸೂತ್ರ ಐತಿ. ರಕ್ತ ನಿಂತ್ರ, ರಕ್ತನಾಳದ ಗೋಡಿ ಕೆಟ್ರ, ರಕ್ತದ ಗುಣ ಬದಲಾದ್ರ ಹೆಪ್ಪುಗಟ್ತೈತಿ ಅಂತ. ಉರಿಯೂತ ಗೋಡಿನೂ ಕೆಡಿಸೈತಿ, ರಕ್ತದ ಗುಣಾನೂ ಬದಲಿ ಮಾಡೈತಿ, ಉಳಿದಿದ್ದು ನಿಲ್ಲೋದು ಒಂದು. ನಾಲ್ಕು ತಾಸಿಗಿಂತ ಜಾಸ್ತಿ ಕುಂತ್ರ ಅದೂ ಕೂಡ್ತೈತಿ. ರೊಕ್ಕ ಇದ್ದಷ್ಟರಾಗ ಹಂಪಿ ಎಕ್ಸ್‌ಪ್ರೆಸ್ ಸ್ಲೀಪರ್ ಮಾಡಿಸ್ರಿ, ಮಲಗೋದು ಚಲೋ, ಎದ್ದು ಅಡ್ಡಾಡಾಕೂ ಜಾಗ ಇರ್ತೈತಿ. ಬಸ್ಸಿನಾಗ ಕುಂತ್ರ ತಾಸಿಗೊಮ್ಮೆ ಪಾದ ಮ್ಯಾಲ ಕೆಳಗ ಇಪ್ಪತ್ತು ಸಲ ಆಡಿಸ್ರಿ, ಬಸ್ ನಿಂತಲ್ಲಿ ಇಳ್ದು ನಡೀರಿ. ಮೂತ್ರಕ್ಕ ಹೋಗೋದು ತ್ರಾಸು ಅಂತ ನೀರು ಕುಡಿಯೋದನ್ನ ಬಿಡೋ ಹೆಣ್ಮಕ್ಕಳು ಭಾಳ ಅದಾರ, ಅದನ್ನ ಮಾಡಬ್ಯಾಡ್ರಿ.

ಬ್ಯಾಸಿಗ್ಯಾಗ ರಾಯಚೂರು ಬಿಸಲು 42, 43 ಡಿಗ್ರಿ ಮುಟ್ಟಿದಾಗ ಹತ್ತಿ, ಮೆಣಸಿನಕಾಯಿ ಹೊಲದಾಗ ದುಡಿಯೋರಿಗೂ ಇದೇ ಮಾತು, ನೀರು ಕಮ್ಮಿ ಆದ್ರ ರಕ್ತ ಗಟ್ಟಿ ಆಗ್ತೈತಿ. ನಮ್ಮ ತಮ್ಮ ಬಳ್ಳಾರಿಯಾಗ ಜೀನ್ಸ್ ಹೊಲೀತಾನ, ಹತ್ತು ಹನ್ನೆರಡು ತಾಸು ಮಷೀನ್ ಮುಂದ. ಅವನಿಗೆ ಈ ಬ್ಯಾನಿ ಇಲ್ಲ, ಆದ್ರೂ ಎದ್ದೆದ್ದು ಅಡ್ಡಾಡು ಅಂತ ಅವ್ವ ದಿನಾ ಫೋನಿನಾಗ ಹೇಳ್ತಾಳ.

ಕೊಲೆಸ್ಟ್ರಾಲ್ ನಾರ್ಮಲ್ ಐತಿ, ಹಾರ್ಟಿಗೆ ಏನೂ ಆಗಂಗಿಲ್ಲ ಹೌದಲ್ಲೋ?

ಇಲ್ಲೊಂದು ಮೋಸ ಐತಿ. ಉರಿಯೂತ ಜೋರಿದ್ದಾಗ ಕೊಲೆಸ್ಟ್ರಾಲ್ ತಾನ ಕೆಳಗ ಇಳೀತೈತಿ, ಅಪಾಯ ಮಾತ್ರ ಮ್ಯಾಲ ಇರ್ತೈತಿ. ಔಷಧ ಹತ್ತಿ ಉರಿ ಇಳದ ಮ್ಯಾಲ ಕೊಲೆಸ್ಟ್ರಾಲ್ ಸ್ವಲ್ಪ ಏರಿದ್ದು ಕಾಣ್ತೈತಿ, ಮಂದಿ ಗುಳಿಗಿಯಿಂದ ಕೆಟ್ಟದಾತು ಅಂತ ಬಿಡ್ತಾರ. ಬ್ಯಾನಿ ಹತೋಟಿಗೆ ಬಂದ ಮ್ಯಾಲ ಇನ್ನೊಮ್ಮೆ ಟೆಸ್ಟ್ ಮಾಡಿಸಿ ಅದನ್ನ ಲೆಕ್ಕಕ್ಕ ಹಿಡೀಬೇಕು. ಬಿಪಿ, ಶುಗರ್ರೂ ನೋಡಿಸ್ಕೋತ ಇರ್ರಿ.

ಬೀಡಿ, ಗುಟ್ಕಾ?

ಬೀಡಿ ಸಿಗರೇಟ್ ಈ ಬ್ಯಾನಿ ಹುಟ್ಟಾಕೂ ಒಂದು ಕಾರಣ, ಬಂದ ಮ್ಯಾಲ ಜೋರಾಗಾಕೂ ಕಾರಣ, ರಕ್ತನಾಳ ಕೆಡಾಕೂ ಕಾರಣ. ಗುಟ್ಕಾ, ತಂಬಾಕೂ ಹೃದಯಕ್ಕ ಒಳ್ಳೇದಲ್ಲ. ಬಿಡ್ರಿ.

ಮೊಣಕಾಲು ಆಪರೇಷನ್ ಐತಿ, ಏನು ಹೇಳ್ಬೇಕು ಡಾಕ್ಟರಿಗೆ?

ಮೊದಲ ಹೆಪ್ಪುಗಟ್ಟಿತ್ತೇನು, ಮನಿಯಾಗ ಯಾರಿಗರ ಆಗಿತ್ತೇನು, ಯಾವ ಗುಳಿಗಿ ನಡದಾವು, ನಾಟಿ ಔಷಧ ಪುಡಿ ಏನರ ತಿಂತೀರೇನು, ಎಲ್ಲಾ ಹೇಳ್ರಿ. ಕೀಲು ಬದಲಿ ಆಪರೇಷನ್ ಆದ ಮ್ಯಾಲ ಹೆಪ್ಪುಗಟ್ಟದಂಗ ಕೆಲವು ದಿನ ಇಂಜೆಕ್ಷನ್ ಇಲ್ಲಾ ಗುಳಿಗಿ ಕೊಡ್ತಾರ, ಮನಿಗೆ ಕಳಿಸಿದ ಮ್ಯಾಲೂ ಅದನ್ನ ಮುಗಿಸ್ಬೇಕು.

ನಿಮ್ಮವ್ವ ಈಗ ಹೆಂಗದಾರ?

ಅದಾಳ. ರಕ್ತ ತೆಳು ಮಾಡೋ ಗುಳಿಗಿ ಆರು ತಿಂಗಳು ನಡೀತು, ಆಮ್ಯಾಲ ಡಾಕ್ಟರ್ ನಿಲ್ಸಿದ್ರು. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ, ಐತವಾರ, ನಾನ ಕೈಯಾಗ ಕೊಡ್ತೀನಿ. ಪುಡಿ ಬಿಟ್ಟಾಳ. ಇಎಸ್‌ಆರ್ 90 ಇದ್ದದ್ದು ಈಗ 28, ಆಕಿ ಟ್ಯೂಬ್ ಮಾತ್ರ ನಾ ಇನ್ನೊಬ್ಬರ ಕೈಯಾಗ ಕೊಡಂಗಿಲ್ಲ. ಎಡಗಾಲು ಸಂಜಿಮುಂದ ಭಾರ ಆಗ್ತೈತಿ, ಹೆಪ್ಪು ಹೋದ ಮ್ಯಾಲೂ ಕೆಲವರಿಗೆ ಅದು ಉಳೀತೈತಂತ, ಅದಕ್ಕ ಬಿಗಿ ಕಾಲುಚೀಲ ಹಾಕ್ಕೊಂತಾಳ. ಈ ವರ್ಷ ನಾಟಿಗೆ ಇಳೀಲಿಲ್ಲ, ಬದುವಿನ ಮ್ಯಾಲ ಕುಂತು ಸಸಿ ಕಟ್ಟು ಎಣಿಸಿ ಎಣಿಸಿ ಕೊಟ್ಲು, ನಡುವ ನಡುವ ಎದ್ದು ಅಡ್ಡಾಡಿದ್ಲು. ತಮ್ಮ ಬಳ್ಳಾರಿಯಿಂದ ತಂದ ಅಳತಿ ಟೇಪು ದೇವರ ಗೂಡಿನಾಗ ಇಟ್ಟಾಳ, ಕಾಲು ಸ್ವಲ್ಪ ಜಗ್ಗಿದಂಗ ಆದ್ರ ತಾನ ತಗೊಂಡು ಎರಡೂ ಮೀನಖಂಡ ಅಳ್ಕೊಂಡು ನನಗ ಫೋನ್ ಮಾಡ್ತಾಳ.